ಸೆರೇನೋನನ್ನು ಕರೆದ ಕೊಂಬು

ನಾನು ಒಂದು ಊದುಕೊಂಬು. ಬ್ರೆಜಿಲ್ ದೇಶದಲ್ಲಿ ನನ್ನಷ್ಟು ಉದ್ದದ, ನನ್ನಷ್ಟು ಚೆಲುವಿನ, ನನ್ನಷ್ಟು ಗಂಟಲಿರುವ ಕೊಂಬು ಇನ್ನೊಂದಿಲ್ಲ. ಸಮುದ್ರದಿಂದ ಬಲು ದೂರ, ಒಳನಾಡಿನ ಬಾರ್ರೊ ರೋಶೊ ನನ್ನ ಊರು. ಅಲ್ಲಿನ ಮಣ್ಣು ಎಷ್ಟು ಕೆಂಪೆಂದರೆ, ಬೆಳಿಗ್ಗೆ ಹೊರಗೆ ಹೋದ ಬಿಳಿ ಕೋಳಿಯನ್ನು ಸಂಜೆ ಅದರ ಯಜಮಾನಿಯೇ ಗುರುತಿಸುವುದಿಲ್ಲ. ನನ್ನ ಮುತ್ತಾತನ ಮುತ್ತಾತ ಒಬ್ಬ ಹೋರಿ, ಬೆನ್ನ ಮೇಲೆ ಹಿಣಿಲು ಹೊತ್ತುಕೊಂಡು ನಿಮ್ಮ ದೇಶದಿಂದಲೇ ಹಡಗು ಹತ್ತಿದವನು. ನಾನು ನಿಮಗೆ ನೆಂಟ, ಸ್ವಲ್ಪ ಮರ್ಯಾದೆಯಿಂದ ಓದಿ.

ಸತ್ತ ಎರಡು ಎತ್ತುಗಳ ಕೊಂಬನ್ನು ಜೋಡಿಸಿ, ತೊಗಲಿನ ಪಟ್ಟಿ ಸುತ್ತಿ ನನ್ನನ್ನು ಮಾಡಿದವನು ಅಡೆಲೀನೋ. ಮಂದೆಗಳನ್ನು ಊರಿಂದೂರಿಗೆ ನಡೆಸುವುದು ಅವನ ಕಸುಬು. ಅವನ ಮಂಡಿ ಸೋತ ಮೇಲೆ ನಾನು ಮಗಳು ಜಂದೀರಾಳ ಕೈಗೆ ಬಂದೆ. ಹೆಂಗಸು ಊದಿದರೆ ದನ ಬರುತ್ತವೆಯೇ ಎಂದು ಜೊತೆಯವರು ನಕ್ಕರು. ಅವಳು ಊದಿದಳು. ಏಳು ಗುಡ್ಡಗಳ ಆಚೆ ಇದ್ದ ಕಲ್ಲಿನ ಬಸವನೂ ಎದ್ದು ಬಂದ. ನಂಬದಿದ್ದರೆ ಬಿಡಿ.

ಅಲ್ಲಿ ದನಗಳ ಮುಂದೆ ಒಬ್ಬರು ಕುದುರೆಯ ಮೇಲೆ ಕೊಂಬು ಊದುತ್ತಾ ಹೋಗಬೇಕು. ಅವರ ಬೆನ್ನಿಗೇ ಪಳಗಿದ ಒಂದು ಮುಂದಾಳು ಎತ್ತು, ಅದರ ಹಿಂದೆ ಮಂದೆ. ನಮ್ಮ ಮುಂದಾಳು ಸೆರೇನೋ, ತಬ್ಬಲಿ ಕರುವಾಗಿದ್ದಾಗ ಜಂದೀರಾ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವನು. ಕಸಾಯಿಖಾನೆಯ ದೊಡ್ಡಿಯೊಳಗೆ ಮಂದೆಯನ್ನು ಕರೆದೊಯ್ದು, ಎದುರಿನ ಚಿಕ್ಕ ಗೇಟಿನಿಂದ ಅವನೊಬ್ಬನೇ ಆಚೆ ಬರುತ್ತಿದ್ದ. ಮುಂದಾಳನ್ನು ಮಾರುವಂತಿಲ್ಲ, ಅವನು ಮನೆಗೆ ಮರಳಲೇಬೇಕು. ಅದು ಮಂದೆ ನಡೆಸುವವರ ನೇಮ. ಮಿಕ್ಕವು ಎಲ್ಲಿ ಹೋದವು ಎಂದು ಸೆರೇನೋ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎತ್ತಿನ ಕೊಂಬೇ ಎತ್ತುಗಳನ್ನು ಅಲ್ಲಿಗೆ ಕರೆಯುತ್ತಿತ್ತು ಎಂಬ ಮಾತನ್ನು ನನ್ನ ಜಂಬದ ನಡುವೆ ನುಂಗಿಬಿಡುವುದು ನನಗೆ ಅಭ್ಯಾಸ.

ಆಮೇಲೆ ಹುಲ್ಲುಗಾವಲನ್ನು ಉತ್ತು ಸೋಯಾ ಬಿತ್ತಿದರು. ಇಗರ್ಜಿಗಿಂತ ಎತ್ತರದ ಕಾಳಿನ ಕಣಜಗಳು ಎದ್ದವು. ದನ ನಡೆಯುವ ದಾರಿ ಬೇಲಿಯೊಳಗೆ ಸೇರಿತು, ದನ ಸಾಗಿಸಲು ಲಾರಿ ಬಂತು.

ಮೊದಲ ದಿನ ದನಗಳು ಲಾರಿಗೆ ಒರಗಿಸಿದ ಹಲಗೆ ಹತ್ತಲೊಲ್ಲವು. ಚಾಲಕ ಜೆನಿವಾಲ್ಡೋಗೆ ಅವಸರ. “ನಿನ್ನ ಎತ್ತನ್ನ ಮೊದ್ಲು ಹತ್ಸಕ್ಕಾ, ಮಿಕ್ಕವು ತಾವೇ ಬರ್ತವೆ,” ಎಂದ. ದೊಡ್ಡಿಯಲ್ಲಿ ಪ್ರತಿ ಸಲವೂ ಮಾಡಿದ ಕೆಲಸವಲ್ಲವೇ, ಜಂದೀರಾ ಊದಿದಳು. ನನ್ನ ದನಿ ಅಂದು ಜೇನಿನಂತಿತ್ತು. ಸೆರೇನೋ ಹತ್ತಿ ಒಳತುದಿಗೆ ಹೋದ. ಹದಿನೆಂಟು ದನ ಅವನ ಹಿಂದೆಯೇ ತುಂಬಿಕೊಂಡವು. ಅವಳು ಎಂದಿನಂತೆ ಎದುರಿನ ಗೇಟು ತೆಗೆಯಲು ಮುಂದಕ್ಕೆ ನಡೆದಳು. ಅಲ್ಲಿ ಗೇಟಿರಲಿಲ್ಲ. ಚಾಲಕನ ಕೋಣೆಯ ತಗಡಿನ ಬೆನ್ನಿತ್ತು.

“ನನ್ನ ಎತ್ತು ಒಳಗಿದೆ, ಎಲ್ಲಾ ಇಳ್ಸಪ್ಪಾ.”

“ಮತ್ತೆ ಹತ್ಸೋರು ಯಾರು? ಹತ್ಸಿದ್ದೇ ಅವನಲ್ವಾ?”

ಕಸಾಯಿಖಾನೆ ತಲುಪಿದ ಮೇಲೆ ಅವನನ್ನು ಬೇರೆ ಕಟ್ಟಿಸುತ್ತೇನೆ, ಬಂದು ಕರೆದುಕೊಂಡು ಹೋಗು ಎಂದು ಹೇಳಿ ಅವನು ಲಾರಿ ಹೊರಡಿಸಿದ. ಜಂದೀರಾ ಹಿಂದೆ ಕುದುರೆ ಓಡಿಸುತ್ತಾ ನನ್ನನ್ನು ಊದಿದಳು. ತಿರುವಿನವರೆಗೂ ಸೆರೇನೋ ಒಳಗಿನಿಂದ ಓಗೊಟ್ಟ. ಇದರಲ್ಲಿ ಒಂದಕ್ಷರವೂ ನಾನು ಹೆಚ್ಚು ಸೇರಿಸಿಲ್ಲ. ಸಂಜೆ ಅವಳು ತಲುಪಿದಾಗ ಕಸಾಯಿಖಾನೆಯ ಅಂಗಳ ತೊಳೆದಾಗಿತ್ತು. ಸೆರೇನೋನನ್ನು ಬೇರೆ ಕಟ್ಟಿ ಎಂದು ಹೇಳುವುದನ್ನು ಚಾಲಕ ಮರೆತಿದ್ದ.

ಅವಳು ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ, ಶಾಲೆಗೆ ಕೊಟ್ಟುಬಿಟ್ಟಳು. ಈಗ ನಾನು ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಊರಿನ ಹುಟ್ಟುಹಬ್ಬದಂದು ಟೀಚರ್ ಮಕ್ಕಳಿಗೆ ನಮ್ಮ ಊರಿನ ಪರಿಚಯ ಮಾಡಿಸುತ್ತಾರೆ: ಕೆಂಪು ಮಣ್ಣು, ಸೋಯಾ, ದನ, ಕೊನೆಗೆ ನಾನು. ಈ ಊರನ್ನು ಕಟ್ಟಿದ್ದೇ ಈ ಕೊಂಬು ಎನ್ನುತ್ತಾರೆ. ಅಷ್ಟು ದೊಡ್ಡ ಮಾತು ನನಗೂ ಹೊಳೆದಿರಲಿಲ್ಲ.

ಈ ವರ್ಷ ಜಂದೀರಾಳನ್ನೂ ಕರೆಸಿದ್ದರು. ತಲೆ ಪೂರಾ ನರೆತಿತ್ತು. ಟೀಚರ್ ನನ್ನನ್ನು ಅವಳ ಕೈಗಿಟ್ಟರು. ಮುಂದಿನ ಸಾಲಿನ ಹುಡುಗಿಯೊಬ್ಬಳು, ದನ ಕರೆಯೋದು ಹೇಗೆ ಅಂತ ಒಂದ್ಸಲ ತೋರಿಸಜ್ಜಿ ಎಂದಳು.

ಜಂದೀರಾ ನನ್ನ ಬಾಯಿಯನ್ನು ಸೆರಗಿಲ್ಲದ ತನ್ನ ಅಂಗಿಯ ಅಂಚಿನಿಂದ ಒರೆಸಿದಳು. ತುಟಿಯ ಹತ್ತಿರ ತಂದು ಇಳಿಸಿದಳು.

“ಊದೋದು ಮರ್ತ್ ಹೋಯ್ತು ಕಣಮ್ಮಾ.”

ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸಿದವರು ಅಂದೇ ಮೊದಲು ಸಿಕ್ಕಿದ್ದು. ಅವಳ ಬೆರಳುಗಳು ನನ್ನ ಕತ್ತಿನ ಮೇಲೆ, ಅವೇ ಸವೆಸಿದ ಜಾಗದಲ್ಲಿದ್ದವು.