ಅಜ್ಜಿಯ ದಾರಿಖರ್ಚು

“ಇಳಿಸ್ರಪ್ಪಾ, ಇಳಿಸಿ! ಅಜ್ಜಿ ಮುನಿಸ್ಕೊಂಡಿದ್ದಾಳೆ!” ಚಟ್ಟದ ಮುಂದೆ ಗಂಟೆ ಆಡಿಸುತ್ತ ಹಾಡುತ್ತಿದ್ದ ಮುದುಕ ದಲ್ಸು ಕೂಗಿದ.

ಕಾಗದದ ಹೂಗಳ ಚಟ್ಟ ಕಬ್ಬಿಣದ ಗೇಟಿನ ಮುಂದೆ ಇಳಿಯಿತು. ಸತ್ತ ಅಜ್ಜಿಯ ಸೊಸೆ ಮಿಹ್ಯಾಂಗ್ ಹೆಗಲು ಸವರಿಕೊಂಡಳು. ಹೆಂಗಸರು ಚಟ್ಟ ಹೊರುವ ರೂಢಿ ಆ ಊರಲ್ಲಿರಲಿಲ್ಲ. ಆದರೆ ಗಂಡಸರು ಉಳಿದಿದ್ದರೆ ತಾನೆ? ಇದ್ದವರು ಆರು ಜನ, ಅವರಲ್ಲೂ ಇಬ್ಬರಿಗೆ ಮಂಡಿನೋವು.

ಗೇಟಿನಾಚೆ, ಚಟ್ಟದಲ್ಲಿ ಮಲಗಿದ್ದ ಬೊಂಗಿಮ್ ಅಜ್ಜಿಯದೇ ಬೆಳ್ಳುಳ್ಳಿ ಹೊಲ. ಸುತ್ತಲ ಜಮೀನನ್ನೆಲ್ಲ ಕಸ ಸುಡುವ ಕಂಪನಿಯವರು ಕೊಂಡು, ದಾರಿಗೇ ಗೇಟು ಜಡಿದಿದ್ದರು. ಅಜ್ಜಿಯ ಹೊಲವೊಂದು ಅವರ ಗಂಟಲಲ್ಲಿ ಮುಳ್ಳಾಗಿ ಉಳಿದಿತ್ತು. ಅಲ್ಲೊಂದು ಸಮಾಧಿ ಎದ್ದರೆ ಮುಗಿಯಿತು, ಆ ಮುಳ್ಳು ಕೀಳುವುದು ಯಾರ ಕೈಲೂ ಆಗದು.

*

ಹೋದ ತಿಂಗಳು ಆಸ್ಪತ್ರೆಯಲ್ಲಿ ಮಿಹ್ಯಾಂಗ್ ಮೆತ್ತಗೆ ಹೇಳಿದ್ದಳು: “ಅತ್ತೆ, ಈಗ ಎಲ್ಲರೂ ಸುಡ್ತಾರೆ. ಅದೇ ಸಲೀಸು.”

“ಸುಡಬೇಡಿ ಸುಡಬೇಡಿ ಅಂತ ಏಳು ವರ್ಷ ಬೀದೀಲಿ ಟೆಂಟ್ ಹಾಕ್ಕೊಂಡು ಕೂತೆ. ಕೊನೇಗೆ ನಾನೇ ಹೊಗೆಯಾಗಿ ಹೋದ್ರೆ ಕಂಪನಿಯವರು ನಗಲ್ವೇನೇ? ನನ್ನ ಹೊಲದಲ್ಲಿ ಹೂಳು. ನನ್ನ ಮಗನ ಕೈಲಾಗಲ್ಲ. ಅದಕ್ಕೇ ನಿನಗೆ ಹೇಳ್ತಿದ್ದೀನಿ.”

ಹತ್ತೊಂಬತ್ತು ವರ್ಷ ಅವಳ ಉಪ್ಪಿನಕಾಯಲ್ಲೂ ಹುಳುಕು ಹುಡುಕಿದ ಅತ್ತೆ ಅವತ್ತು ಮೊದಲ ಸಲ ಅವಳನ್ನು ನಂಬಿದ್ದಳು. ಮಿಹ್ಯಾಂಗ್‌ಗೆ ಅಳು ಬಂತು, ಸಿಟ್ಟೂ ಬಂತು.

*

ಕಂಪನಿಯ ಮ್ಯಾನೇಜರ್ ನಾಮ್ ಓಡಿ ಬಂದ. “ದೊಡ್ಡೋರೇ, ಇದು ಕಂಪನಿ ಜಾಗ. ಪೇಟೆ ಸ್ಮಶಾನದಲ್ಲಿ ಎಲ್ಲ ಏರ್ಪಾಡು ನಾವೇ ಮಾಡ್ತೀವಿ. ದಯವಿಟ್ಟು ಹೊರಡಿ.”

“ನನಗ್ಯಾಕೆ ಹೇಳ್ತೀಯಪ್ಪ?” ಎಂದ ದಲ್ಸು. “ಏಳಲ್ಲ ಅಂತ ಕೂತಿರೋಳು ಅಜ್ಜಿ. ಅವಳಿಗೇ ಹೇಳು.”

ಯಾರೋ ಕಿಸಕ್ಕನೆ ನಕ್ಕರು. ಗಂಡ ಕಿಸೊಪ್ ಮಿಹ್ಯಾಂಗ್‌ಳ ತೋಳು ಹಿಡಿದ. “ಸಾಕು ಕಣೇ. ವಾಪಸ್ ಹೋಗೋಣ.”

“ನೀವು ಬೇಕಾದ್ರೆ ಹೋಗಿ.”

ನಾಮ್ ಕೂಡ ಹಳ್ಳಿಯಲ್ಲೇ ಹುಟ್ಟಿದವನು. ಮುನಿಸಿಕೊಂಡ ಚಟ್ಟವನ್ನು ಏಳಿಸುವ ಬಗೆ ಅವನಿಗೆ ಗೊತ್ತಿತ್ತು: ಸತ್ತವರಿಗೆ ಅಡ್ಡಬಿದ್ದು, ದಾರಿಗೆಂದು ದುಡ್ಡು ಕೊಡಬೇಕು. ಬೂಟು ಬಿಚ್ಚಿ, ಮಣ್ಣಲ್ಲೇ ಎರಡು ಸಲ ಅಡ್ಡಬಿದ್ದು, ಬಿಳಿ ಲಕೋಟೆಯೊಂದನ್ನು ಚಟ್ಟದ ಹಗ್ಗಕ್ಕೆ ಸಿಕ್ಕಿಸಿದ. “ದಾರಿಖರ್ಚು, ಅಜ್ಜಿ. ಇನ್ನು ಹೊರಡಿ.”

ಮಿಹ್ಯಾಂಗ್‌ಗೆ ಥಟ್ಟನೆ ಒಂದು ಉಪಾಯ ಹೊಳೆಯಿತು. “ದಲ್ಸು ಮಾವ, ಕೇಳಿದ್ರಾ? ದಾರಿಖರ್ಚೂ ಕೊಟ್ರು, ಹೊರಡಿ ಅಂತಾನೂ ಅಂದ್ರು.”

“ಕೇಳಿದೆ ಕಣಮ್ಮ, ಚೆನ್ನಾಗಿ ಕೇಳಿದೆ.” ದಲ್ಸು ನಾಮ್‌ನತ್ತ ತಿರುಗಿದ. “ಚಟ್ಟ ಬಂದ ದಾರೀಲೇ ಹಿಂದಕ್ಕೆ ತಿರುಗಿದ್ದು ನಿಮ್ಮೂರಲ್ಲಿ ಯಾರಾದ್ರೂ ಕಂಡಿದ್ದಾರಾ, ಸಾಹೇಬ್ರೇ?”

ನಾಮ್‌ನ ಕೈ ಲಕೋಟೆಯತ್ತ ಅರ್ಧ ಚಾಚಿ ನಿಂತಿತು. ಸತ್ತವರಿಗೆ ಕೊಟ್ಟಿದ್ದನ್ನು ಕಿತ್ತುಕೊಳ್ಳುವಷ್ಟು ಗುಂಡಿಗೆಯನ್ನು ಯಾವ ಕಂಪನಿಯೂ ಸಂಬಳದ ಜೊತೆ ಕೊಡುವುದಿಲ್ಲ.

“ಹೊತ್ಕೊಳ್ರೇ!” ಮಿಹ್ಯಾಂಗ್ ಮುಂದಿನ ಬೊಂಬಿಗೆ ಹೆಗಲು ಕೊಟ್ಟಳು. ಕಿಸೊಪ್ ಒಂದು ಕ್ಷಣ ನಿಂತು, ಅವಳ ಪಕ್ಕದಲ್ಲೇ ತಲೆ ತೂರಿಸಿದ. ಗಂಟೆ ಮೊಳಗಿತು. ಮುಚ್ಚಿದ ಗೇಟಿನತ್ತ ಅವರು ಹೆಜ್ಜೆ ನಿಧಾನಿಸದೆ ನಡೆದರು.

ಬರೀ ಕಾಲುಚೀಲದಲ್ಲಿ ಮುಂದೆ ಓಡಿದ ನಾಮ್, ಎರಡೂ ಕೈಯಿಂದ ಅಗುಳಿ ಎಳೆಯತೊಡಗಿದ. ಕಾಗದದ ಹೂಗಳು ಆಗಲೇ ಅವನ ಬೆನ್ನಿಗೆ ತಾಗುತ್ತಿದ್ದವು.