ಗುರುತಿಗೊಂದು ಕಲ್ಲು

"ಇಳಿಸ್ಬೇಡ್ರೋ ಆ ಪೆಟ್ಟಿಗೇನ! ಕತ್ತೆ ಕಾಯೋ ನನ್ಮಕ್ಳಿಗೆ ನಮ್ಮ ಹಿರೀಕರ ಮಗ್ಗುಲಲ್ಲಿ ಜಾಗ ಬೇಕಾ?"

ಚೌಧರಿ ಬೋಸ್ತಾನ್ ಖಾನ್ ಖಬರಸ್ತಾನದ ಬಾಗಿಲಿಗೆ ಅಡ್ಡ ನಿಂತಿದ್ದ. ಪೆಟ್ಟಿಗೆ ಹೊತ್ತ ಕುಂಬಾರರು ಅಲ್ಲೇ ನಿಂತರು. ಪೆಟ್ಟಿಗೆಯೊಳಗೆ ಸೈದು ಹೆಣವಾಗಿ ಮಲಗಿದ್ದ. ಇಂಗ್ಲೆಂಡಿನ ಉಣ್ಣೆ ಗಿರಣಿಯಲ್ಲಿ ರಾತ್ರಿಪಾಳಿ ಮಾಡಿ ಎದೆ ಸವೆಸಿಕೊಂಡು, ಈಗ ಊರಿಗೆ ಮರಳಿದ್ದ.

"ಸಾಹೇಬ್ರೇ, ಖಬರಸ್ತಾನದ ಈ ಗೋಡೆ ಎದ್ದಿದ್ದೂ ಅಣ್ಣ ಕಳಿಸಿದ ದುಡ್ಡಲ್ಲೇ," ಎಂದ ಅವನ ತಮ್ಮ ಜುಮ್ಮಾ.

"ಮಸೀದಿ ದೀಪಕ್ಕೆ ಎಣ್ಣೆ ಕೊಟ್ಟೋನು ಮೌಲ್ವಿ ಆಗ್ತಾನೇನಲೇ? ಚರಂಡಿ ಪಕ್ಕ ಜಾಗ ಐತೆ. ಮುಚ್ಚಿ ಹೋಗ್ರಿ."

ಮೌಲ್ವಿ ತಲೆ ತಗ್ಗಿಸಿ ಜಪಮಣಿ ಎಣಿಸುತ್ತಿದ್ದ.

ಸೈದುವಿನ ಹೆಂಡತಿ ಸತ್‌ಭರಾಯಿ ದೂರದಲ್ಲಿದ್ದಳು. ಪೆಟ್ಟಿಗೆಯ ಗಾಜಿನಲ್ಲಿ ಕಂಡ ಮುದುಕ ಅವಳಿಗೆ ಪರಿಚಿತನಲ್ಲ. ಮದುವೆಯಾಗಿ ಒಂದು ಚಳಿಗಾಲ ಜೊತೆಗಿದ್ದರು. ಆಮೇಲೆ ಅಣೆಕಟ್ಟಿನ ನೀರು ಊರನ್ನು ನುಂಗಿತು, ದಡದ ಮೇಲೆ ಹೊಸ ಊರು ಎದ್ದಿತು. ಚೌಧರಿಗಳಿಗೆ ಹೊಲಕ್ಕೆ ಹೊಲ ಸಿಕ್ಕಿತು. ಕುಂಬಾರನಿಗೆ ನೆಲವೇ ಇರಲಿಲ್ಲ, ಪರಿಹಾರ ಯಾವುದಕ್ಕೆ? ಸೈದು ವಿಮಾನ ಹತ್ತಿದ. ಬಂದದ್ದು ಅಪರೂಪ, ಬಂದರೂ ನೆಂಟನಂತೆ.

ಓದುಬರಹ ಇಬ್ಬರಿಗೂ ಬಾರದು. ಆಡುವ ಪಹಾಡಿ ನುಡಿಯನ್ನು ಬರೆದುಕೊಡುವವರೂ ಇರಲಿಲ್ಲ. ಅದಕ್ಕೇ ಮಾತನ್ನು ಕ್ಯಾಸೆಟ್ಟಿಗೆ ತುಂಬಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ. "ಕೇಳಿಸ್ತೈತೇನೇ?" ಎಂದೇ ಶುರು. ಅವಳು ಕೂಡಿ ಬಾಳಿದ್ದು ಆ ದನಿಯೊಂದಿಗೆ. ಕೊನೆಯ ಸಲ ಕೆಮ್ಮಿನ ನಡುವೆ ಹೇಳಿದ್ದ: "ಇಲ್ಲಿ ನನ್ನ ಮಾತು ಗೋಡೆಗೂ ತಿಳಿಯಾಕಿಲ್ಲ. ಸತ್ತ ಮೇಲಾದ್ರೂ ನಮ್ಮೋರ ನಡುವೆ ಮಲಗ್ಸು."

"ಜುಮ್ಮಾ, ಪೆಟ್ಟಿಗೆ ತಿರುಗ್ಸು. ಹಳೇ ಊರಿಗೆ ನಡಿ," ಎಂದಳು.

"ಅದು ನೀರಡಿ ಹೋಗೋ ಜಾಗ, ಅತ್ತಿಗೆ."

"ಈಗ ನೀರು ಇಳಿದೈತಲ್ಲ. ವರ್ಷಾ ವರ್ಷಾ ಇದೇ ದಿನಗಳಾಗೆ ಅತ್ತೆ ಗೋರಿ ಮೇಲೆ ಫಾತಿಹಾ ಓದಾಕೆ ಹೋಗಲ್ವಾ?"

ಮೌಲ್ವಿ ಈಗ ಬಾಯಿ ಬಿಟ್ಟ. "ಹೆಂಗಸು ಮಣ್ಣಿಗೆ ಹೋಗಬಾರ್ದು, ತಾಯೀ."

"ಗಂಡಸರು ಬಾಗಿಲು ಕಾಯ್ತಾ ನಿಂತವ್ರಲ್ಲ ಮೌಲ್ವೀಜಿ. ಮಣ್ಣು ಹಾಕೋರ್ಯಾರು?"

ಅಣೆಕಟ್ಟಿನ ಕೆರೆಯ ತಳ ಬೂದಿಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿತ್ತು, ತಗ್ಗಿನಲ್ಲಿ ಮಾತ್ರ ಇನ್ನೂ ಕೆಸರಿತ್ತು. ಹಳೆಯ ಖಬರಸ್ತಾನದಲ್ಲಿ ಚೌಧರಿಗಳನ್ನೂ ಕುಂಬಾರರನ್ನೂ ಬೇರ್ಪಡಿಸಿದ್ದ ಮಣ್ಣಿನ ಗೋಡೆಯನ್ನು ನೀರು ಎಂದೋ ಕರಗಿಸಿತ್ತು. ಅತ್ತೆಯ ಗೋರಿ ಹೂಳಿನೊಳಗೆ ಎಲ್ಲೋ ಇತ್ತು. ವರ್ಷವೂ ಅಂದಾಜಿನ ಮೇಲೆ ಕೈಯೆತ್ತಿ ದುವಾ ಬೇಡುತ್ತಿದ್ದರು. ತಲೆಯೆತ್ತಿ ನಿಂತದ್ದು ಒಂದೇ, ಬೋಸ್ತಾನನ ಅಪ್ಪನ ಗೋರಿಯ ಅಮೃತಶಿಲೆ.

"ಇದರ ಮಗ್ಗುಲಿಗೇ ತೋಡ್ರಿ."

"ಅತ್ತಿಗೆ! ಕೊಂದಾಕ್ತಾನೆ!"

"ಮುಂದಿನ ವರ್ಷ ಹುಡುಕಾಕೆ ಗುರುತು ಬೇಕಲ್ಲಪ್ಪ. ನಮ್ಮತ್ರ ಕಲ್ಲು ಎಲ್ಲೈತೆ?"

ಯಾರೂ ಅಲುಗದಿದ್ದಾಗ ಸನಿಕೆಯನ್ನು ಅವಳೇ ಕಸಿದುಕೊಂಡಳು. ಮೊದಲ ಮಣ್ಣು ಎದ್ದ ಮೇಲೆ ಉಳಿದವರೂ ಕೈಹಚ್ಚಿದರು. ಮೌಲ್ವಿ ಬಂದಿರಲಿಲ್ಲ, ಸತ್ತವನ ನಮಾಜನ್ನು ಜುಮ್ಮಾನೇ ಮಾಡಿಸಿದ.

ಬೋಸ್ತಾನ್ ಖಾನನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಗೋರಿ ಮುಚ್ಚಿಯಾಗಿತ್ತು. ದಡದಲ್ಲಿ ಜೀಪು ಬಿಟ್ಟು, ಆಳುಗಳ ಜೊತೆ ಮೀನಖಂಡದವರೆಗೆ ಕೆಸರಲ್ಲಿ ಹೂತುಕೊಂಡು ಬಂದ.

"ಅಗೆದು ಬಿಸಾಕ್ರೋ ಆ ಹೆಣಾನ! ಸೂಳೇಮಕ್ಳಾ, ನಮ್ಮಪ್ಪನ ಪಕ್ಕ!"

ಅವನ ಆಳುಗಳು ಗೋರಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಮಣ್ಣು ಸೇರಿದವನನ್ನು ಕೀಳಲು ಒಬ್ಬನೂ ಸನಿಕೆಗೆ ಕೈ ಹಾಕಲಿಲ್ಲ. ಸತ್‌ಭರಾಯಿ ಹಸಿ ಮಡಕೆಯನ್ನು ತಟ್ಟುವಂತೆ ಗೋರಿಯ ಮೇಲಿನ ಮಣ್ಣನ್ನು ತಟ್ಟುತ್ತಿದ್ದಳು.

"ನಿಮ್ಮಪ್ಪನ್ನೇ ಹೊತ್ಕೊಂಡು ಹೋಗು ಚೌಧರಿ," ಎಂದಳು, ತಲೆಯೆತ್ತದೆ. "ಹೊಸ ಊರಲ್ಲಿ ನಿನ್ನ ಹತ್ರ ಜಾಗ ಐತಲ್ಲ."

ಬೆಟ್ಟದ ಹಿಮ ಕರಗಿತು, ಕೆರೆ ಏರಿತು. ನೀರು ಗೋರಿಯನ್ನು ಮೊದಲು ಮುಚ್ಚಿತು. ಅಮೃತಶಿಲೆ ಇನ್ನೂ ಕೆಲವು ದಿನ ಮೂಗೆತ್ತಿಕೊಂಡಿದ್ದು ಅದೂ ಮುಳುಗಿತು. ಆ ಸಂಜೆ ಸತ್‌ಭರಾಯಿ ಟೇಪ್‌ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡು ದಡದಲ್ಲಿ ಒಬ್ಬಳೇ ಕುಳಿತು ಗುಂಡಿ ಒತ್ತಿದಳು.

"ಕೇಳಿಸ್ತೈತೇನೇ?" ಎಂದ ಸೈದು.

ಅವಳು ನೀರಿನ ಕಡೆ ತಿರುಗಿ, "ಹೂಂ" ಎಂದಳು.