ಪುಂಡಿ ಎಲೆ ಕಚ್ಚಿ ನೋಡುವ ತಾತ

ಹೊಸಪೇಟೆಯ ಮಾರ್ಕೆಟ್ಟಿನಲ್ಲಿ ಪುಂಡಿ ಸೊಪ್ಪು ಕೊಳ್ಳುವ ಮುಂಚೆ ಒಂದು ಎಲೆಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಅದರ ಹುಳಿ ನಾಲಗೆಗೆ ತಾಗುವ ತನಕ ಕಾಯುವ ಮನುಷ್ಯರು ನಾನು ಕಂಡಂತೆ ಒಬ್ಬರೇ, ಹೊನ್ನೂರುಸ್ವಾಮಿ ತಾತ. ಸೊಪ್ಪು ಮಾರುವ ಊರಮ್ಮ ಅವರನ್ನು ದೂರದಿಂದಲೇ ಕಂಡು, "ಬಂದ್ರು ನೋಡ್ರವ್ವ ಇನ್‌ಸ್ಪೆಕ್ಟರು! ಕಚ್ರಿ, ಪುಂಡಿನೇ ಐತಿ" ಎಂದು ಕೂಗುತ್ತಾಳೆ. ತಾತ ಇನ್‌ಸ್ಪೆಕ್ಟರ್ ಆಗಿದ್ದವರಲ್ಲ. ಮೂವತ್ತಾರು ವರ್ಷ ಅಬಕಾರಿ ಪೇದೆಯಾಗಿ, ಹೊಲಗಳ ನಡುವೆ ಕದ್ದು ಬೆಳೆದ ಗಾಂಜಾ ಗಿಡಗಳನ್ನು ಕೀಳುತ್ತಲೇ ಕೂದಲು ನರೆತು ನಿವೃತ್ತರಾದವರು. "ತಡಿಯವ್ವ, ನೋಡಾಣ" ಎಂದು ನಿಧಾನವಾಗಿ ಅಗಿಯುತ್ತಾರೆ. ಆ ಎರಡು ಪದಗಳಿಲ್ಲದೆ ಅವರ ಯಾವ ಮಾತೂ ಶುರುವಾಗುವುದಿಲ್ಲ.

ಅವರ ಮನೆ ಚಿತ್ತವಾಡ್ಗಿಯಲ್ಲಿ, ನಾನು ಬಟ್ಟೆ ಹೊಲಿಯುವ ಅಂಗಡಿಯ ಎದುರಿಗೆ. ಹೈಸ್ಕೂಲು ಅರ್ಧಕ್ಕೆ ಬಿಟ್ಟ ನನಗೆ ಜನರ ಮುಖ ನೋಡಿ ಮಾತಾಡಲು ಸಂಕೋಚ; ಬಟ್ಟೆಗಳ ಮೇಲೆ ಕಣ್ಣಿಡುವುದೇ ರೂಢಿ. ಹೀಗಾಗಿ ತಾತನನ್ನು ನಾನು ಮೊದಲು ಅರಿತದ್ದು ಅವರ ದಪ್ಪ ಖಾಕಿ ಕೋಟಿನಿಂದ. ನಿವೃತ್ತಿಯಾದ ಮೇಲೂ, ಕಲ್ಲು ಕಾಯುವ ಬೇಸಿಗೆಯಲ್ಲೂ, ಅದನ್ನು ತೊಟ್ಟೇ ಅವರು ಹೊರಬೀಳುತ್ತಿದ್ದರು. ಬಿಸಿಲಿಗೆ ಬಣ್ಣ ಹೋದ ಆ ಕೋಟಿನ ಭುಜದಲ್ಲಿ, ಪಟ್ಟಿ ಬಿಚ್ಚಿದ ಜಾಗ ಮಾತ್ರ ಹೊಸದರಂತೆ ಗಾಢವಾಗಿತ್ತು. ನಡೆಯುವಾಗ ತಲೆ ತಗ್ಗಿಸಿ ಹಾದಿಯ ಎರಡೂ ಬದಿಯ ಗಿಡಗಂಟಿಗಳನ್ನು ನೋಡುತ್ತ, ಒಂದು ಹೆಜ್ಜೆ ಮುಂದಿಟ್ಟು ಅರೆಗಳಿಗೆ ನಿಲ್ಲುವರು.

ಎಲೆ ಕಚ್ಚುವ ಅಭ್ಯಾಸದ ಹಿಂದೊಂದು ಅವಮಾನವಿದೆ. ಅದನ್ನು ಅವರೇ ನಗುತ್ತ ಹೇಳಿದ್ದಾರೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾರದೋ ಸುಳಿವು ನಂಬಿ ಮೆಟ್ರಿ ಹಳ್ಳಿಯ ಒಂದು ಹೊಲಕ್ಕೆ ನಸುಕಿನಲ್ಲೇ ಹೋದರಂತೆ. ಪೇಟೆಯಲ್ಲಿ ಬೆಳೆದ ಅವರಿಗೆ ಪುಂಡಿ ಗೊತ್ತಿದ್ದದ್ದು ತಟ್ಟೆಯ ಪಲ್ಯವಾಗಿ. ಜೋಳದ ಹೊಲದ ಬದುವಿನಲ್ಲಿ ಆಳೆತ್ತರ ನಿಂತ, ಎಲೆಗೆ ಐದು ಬೆರಳು ಬಿಟ್ಟ ಗಿಡವಾಗಿ ಅಲ್ಲ. ಗಾಂಜಾ ಎಂದುಕೊಂಡು ನಲವತ್ತು ಗಿಡ ಕಿತ್ತು ಕಟ್ಟು ಕಟ್ಟುವ ಹೊತ್ತಿಗೆ ಹೊಲದೊಡತಿ ದುರುಗವ್ವ ಎದುರು ಬಂದು ನಿಂತಳು.

"ಏನಪಾ ಖಾಕಿ, ನನ್ನ ಪಲ್ಯಕ್ಕ ವಾರಂಟ್ ತಂದಿಯೇನು?"

ಒಂದು ಎಲೆ ಕಿತ್ತು ಅವರ ಬಾಯಿಗೇ ತುರುಕಿದಳು. ಹುಳಿ. ಕಿತ್ತಿದ್ದು ಹಾಳಾಗಬಾರದೆಂದು ಅವರನ್ನೇ ಕೂಡಿಸಿ, ಅಷ್ಟೂ ಗಿಡದ ಸೊಪ್ಪು ಬಿಡಿಸಿ, ಓಣಿಯ ಮನೆಮನೆಗೆ ಹಂಚಿ ಬರುವಂತೆ ಮಾಡಿದಳು. ಅಂದಿನಿಂದ ಅವರಿಬ್ಬರದು ಅಕ್ಕ ತಮ್ಮನ ಬಳಕೆ.

ಹೋದ ವರ್ಷ ಅದೇ ದುರುಗವ್ವ ಊರುಗೋಲು ಹಿಡಿದು ಚಿತ್ತವಾಡ್ಗಿಗೆ ಬಂದಳು. ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ ಮೊಮ್ಮಗ ಶಂಭುಲಿಂಗ ಗಾಂಜಾಕ್ಕೆ ಬಿದ್ದು, ಅದು ಸಾಲದೆ ಮಾತ್ರೆಗಳಿಗೂ ಬಿದ್ದು, ಕೆಲಸ ಬಿಟ್ಟು, ಅನ್ನ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ದವಾಖಾನೆಗೆ ಕರೆದರೆ ಡಾಕ್ಟರು ಪೊಲೀಸರಿಗೆ ಹಿಡಿದುಕೊಡುತ್ತಾರೆಂಬ ಭಯ. "ಅವತ್ತು ಕೀಳಬಾರದ್ದು ಕಿತ್ತಿದಿ ತಮ್ಮಾ. ಇವತ್ತು ಕೀಳೋದು ಐತಿ, ಬಾ" ಎಂದಳು.

ತಾತ ಹೋದರು, ಕೋಟು ತೊಟ್ಟೇ ಹೋದರು. ಬಾಗಿಲಲ್ಲಿ ಖಾಕಿ ಕಂಡದ್ದೇ ತಡ, ಶಂಭುಲಿಂಗ ಹಿತ್ತಲ ಗೋಡೆ ಹಾರಿ ಓಡಿದ. ಮೂರು ದಿನ ಪತ್ತೆಯಿರಲಿಲ್ಲ. ಆ ಮೂರು ದಿನ ತಾತ ಕಾಲುವೆಗಳ ದಂಡೆಯಲ್ಲಿ ನೀರನ್ನು ನೋಡುತ್ತ ಅಲೆದರೆಂದು ಆಮೇಲೆ ತಿಳಿಯಿತು. ನಾಲ್ಕನೆಯ ದಿನ ಹುಡುಗ ತಾನಾಗಿ ಮನೆ ಸೇರಿದ. ತಾತ ನೇರ ನಮ್ಮ ಅಂಗಡಿಗೆ ಬಂದು ಕೋಟು ಬಿಚ್ಚಿ ನನ್ನ ಮಿಷಿನ್ನಿನ ಮೇಲಿಟ್ಟರು.

"ಇದನ್ನ ಹರಿದು ಒಂದು ಸಂತಿ ಚೀಲ ಹೊಲಿಯವ್ವ."

"ಚೊಲೋ ಐತಿ ತಾತ, ಇನ್ನೂ ಬಾಳಿಕೆ ಬರ್ತೈತಿ" ಎಂದೆ, ಅವರ ಮುಖ ನೋಡಲಾರದೆ.

"ಅದಕ್ಕ ಚೀಲ ಅಂದೆ."

ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಭುಜದ ಗಾಢ ಬಣ್ಣದ ತುಂಡು ಚೀಲದ ಒಳಬದಿಗೆ ಬರುವಂತೆ ಹೊಲಿದುಕೊಟ್ಟೆ. ಆ ಚೀಲ ಹಿಡಿದು, ಬಿಳಿ ಬನಿಯನ್ನಿನ ಮೇಲೊಂದು ಟವೆಲು ಹಾಕಿಕೊಂಡು, ಹನ್ನೊಂದು ದಿನ ಬೆಳಗಿನ ಬಸ್ಸಿಗೆ ಮೆಟ್ರಿಗೆ ಹೋದರು. ಹೋಗಿ ಮಾಡಿದ್ದಿಷ್ಟೇ: ದುರುಗವ್ವನ ಜೊತೆ ಪಡಸಾಲೆಯಲ್ಲಿ ಕೂತು ಪುಂಡಿ ಬಿಡಿಸುವುದು. ಗಾಂಜಾದ ಮಾತಿಲ್ಲ, ಬುದ್ಧಿಮಾತಿಲ್ಲ. ಹನ್ನೆರಡನೆಯ ದಿನ ಶಂಭುಲಿಂಗ ತಾನೇ ಬಂದು ಒಂದು ಕಟ್ಟು ಎಳೆದುಕೊಂಡು ಎದುರು ಕೂತನಂತೆ. ಆ ವಾರವೇ ತಾತ, ಹುಡುಗ ಇಬ್ಬರೂ ದವಾಖಾನೆಯ ಬೆಂಚಿನ ಮೇಲಿದ್ದರು. ನಡುವೆ ಒಮ್ಮೆ ಹುಡುಗ ಮತ್ತೆ ಮಾತ್ರೆ ನುಂಗಿದ್ದೂ ಉಂಟು. ತಾತ "ತಡಿ, ನೋಡಾಣ" ಎಂದು ಮತ್ತೆ ದವಾಖಾನೆಗೆ ಬಸ್ಸು ಹತ್ತಿಸಿದರು.

ಮೊನ್ನೆ ಊರಿನ ಗ್ರಂಥಾಲಯದಲ್ಲೊಂದು ಚರ್ಚೆ ಇತ್ತು: ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಬೇಕೇ ಬೇಡವೇ ಎಂದು. ವಕೀಲ ಭಾರ್ಗವ್, ಶಿಕ್ಷೆಯ ಭಯ ಹೋದರೆ ಅಡಗಿ ಕೂತವರು ಚಿಕಿತ್ಸೆಗೆ ಬರುತ್ತಾರೆ ಎಂದರು. ಶಿಕ್ಷಕಿ ಶ್ರೀಲಕ್ಷ್ಮೀ, ಅಂಗಡಿಗೆ ಬಂದದ್ದು ನನ್ನ ತರಗತಿಗೂ ಬರುತ್ತದೆ, ಗುಟ್ಕಾ ಬಂದಿಲ್ಲವೇ ಎಂದರು. ಇಬ್ಬರ ಮಾತೂ ನನಗೆ ನಿಜವೆನಿಸಿತು. ಕಡೆಗೆ ತಾತನನ್ನು ಎಬ್ಬಿಸಿದರು; ಹಳೆಯ ಪೇದೆ, ಬೇಡವೆನ್ನುವುದು ಖಂಡಿತವೆಂದು ಸಭೆ ಕಾದಿತ್ತು.

"ತಡೀರಿ, ನೋಡಾಣ" ಎಂದರು. "ಮೂವತ್ತಾರು ವರ್ಷ ಕಿತ್ತೀನ್ರಿ, ಗಿಡ ಮುಗೀಲಿಲ್ಲ. ಹಂಗಂತ ಅಂಗಡ್ಯಾಗ ಇಡ್ರಿ ಅನ್ನಾಕ ನನಗ ಧೈರ್ಯ ಸಾಲವಲ್ದು. ಅಂಗಡ್ಯಾಗಿನ ಸೆರೆ ಬಾಟ್ಲಿ ಎಷ್ಟು ಮನಿ ತಿಂದೈತಿ, ಅದನ್ನೂ ಕಂಡೀನಿ. ಕಾನೂನು ಶಾಣ್ಯಾರು ಬರೀರಿ. ಆದ್ರ ಜಡ್ಡಾದ ಹುಡುಗ ನನ್ನಂಥವನ್ನ ಕಂಡು ಗ್ವಾಡಿ ಹಾರಬಾರದು. ಅದೊಂದು ನೋಡ್ಕೊಂಡು ಬರೀರಿ."

ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಈಗ ಹಾರಂಗಿಲ್ಲ ಬಿಡು ತಾತ, ನಿಮ್ಮಕ್ಕ ಗ್ವಾಡಿ ಎತ್ತರ ಮಾಡ್ಯಾಳ!"

ಶಂಭುಲಿಂಗ. ಸಭೆಯೆಲ್ಲ ನಕ್ಕಿತು. ತಾತ ನಗಲಿಲ್ಲ, ಚೀಲದಿಂದ ಟವೆಲು ತೆಗೆದು ಮುಖ ಒರೆಸಿಕೊಂಡರು.

ತಪ್ಪು ಮಾಡಿದವರಲ್ಲಿ ಹೆಚ್ಚಿನವರು ಅದನ್ನು ಮರೆಯುತ್ತಾರೆ, ಕೆಲವರು ಅದರಲ್ಲೇ ಕೊರಗುತ್ತಾರೆ. ತಾತನಂಥವರು ಅದನ್ನು ದಿನದ ಕೆಲಸಕ್ಕೆ ಹಚ್ಚುತ್ತಾರೆ. ಒಮ್ಮೆ ಎಲೆಯ ಆಕಾರ ನೋಡಿ ಮೋಸಹೋದವರಾದ್ದರಿಂದ, ಎದುರಿಗಿರುವುದು ಸೊಪ್ಪಾಗಲಿ ಮನುಷ್ಯನಾಗಲಿ, ಅವರಿಗೆ ತೀರ್ಪಿನ ಆತುರವಿಲ್ಲ. ನಮ್ಮ ಊರುಗಳಲ್ಲಿ ಇಂಥವರು ಸದ್ದಿಲ್ಲದೆ ಇದ್ದೇ ಇರುತ್ತಾರೆ. ಬೆಳಗಿನ ಬಸ್ಸಿನಲ್ಲಿ, ತೊಡೆಯ ಮೇಲೊಂದು ಚೀಲ ಇಟ್ಟುಕೊಂಡು, ಯಾರದೋ ಪಡಸಾಲೆಯಲ್ಲಿ ಕೂರಲು ಹೊರಟಿರುತ್ತಾರೆ.